ಹೌರಾ ಸೇತುವೆ ಮತ್ತು ನಮ್ಮ ಮನೆ ಗುಂಪು

ನಿನ್ನೆ ಬೆಳಿಗ್ಗೆ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹುಬ್ಬಳ್ಳಿ ಕಾಕಾ ಒಂದು ಫಾರ್ವರ್ಡ್ ಹಾಕಿದರು. "ನಟ್ಟು ಬೋಲ್ಟು ಇಲ್ಲದ ಕೋಲ್ಕತ್ತದ ಹೌರಾ ಸೇತುವೆ ಗುಟ್ಕಾ ಉಗುಳಿಗೆ ಅರ್ಧ ಕರಗಿದೆ! ಯಾವಾಗ ಬೇಕಾದರೂ ಬೀಳಬಹುದು!" ಅದರ ಕೆಳಗೆ ಕಾಕಾ ಬರೆದದ್ದು ಒಂದೇ ಸಾಲು: "ಕೆಲವರು ಓದಿ ತಿಳ್ಕೋಬೇಕು."

ಕೆಲವರು ಅಂದ್ರೆ ಯಾರು ಅಂತ ಎಲ್ಲರಿಗೂ ಗೊತ್ತು. ಗದಗಿನ ಮಂಜು ಗುಟ್ಕಾ ಬಿಟ್ಟು ಎಂಟು ತಿಂಗಳಾಯಿತು. ಈಗಲೂ ಅಂಗಿ ಜೇಬಿನಲ್ಲಿ ಸೋಂಪಿನ ಪೊಟ್ಟಣ ಇಟ್ಟುಕೊಂಡೇ ಓಡಾಡುತ್ತಾನೆ. ಅವನಿಗೆ ಎಷ್ಟು ನೋವಾಗಿರಬೇಕು!

ಮಂಜು: "ನನಗೆ ಹೇಳೋದಿದ್ರೆ ಹೆಸರು ಹಿಡಿದು ಹೇಳ್ರಿ ಕಾಕಾ."

ಕಾಕಾ: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯಾ?"

ಅಷ್ಟರಲ್ಲಿ ಧಾರವಾಡದ ಸುನೀತಾ ಬಂದಳು. "ಕಾಕಾ, ಇದು ಯಾವ ಪೇಪರಿನಲ್ಲಿ ಬಂದದ್ದು?" ಹಿರಿಯರನ್ನು ಹೀಗಾ ಕೇಳೋದು ಅಂತ ಕಾಕಾ ಸಿಟ್ಟಾದರು. "ಲಿಂಕ್ ಕೇಳಿದೆ ಕಾಕಾ, ಹೊಲದ ಪಾಲು ಕೇಳಲಿಲ್ಲ" ಅಂದುಬಿಟ್ಟಳು. ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆ ಮಾತು ಬೇಕಿರಲಿಲ್ಲ.

ಆಮೇಲೆ ಅವಳೇ ಬರೆದಳು: "ಇನ್ನೊಂದು. ಹೌರಾ ಅಂದ್ರೆ ಕೋಲ್ಕತ್ತ ಅಲ್ಲ. ಹೂಗ್ಲಿ ನದಿಯ ಪಶ್ಚಿಮ ದಡದ ಬೇರೆ ಊರು. ಬೇರೆ ಜಿಲ್ಲೆ, ಬೇರೆ ಕಾರ್ಪೊರೇಷನ್. ಎರಕದ ಕಾರ್ಖಾನೆ, ಸೆಣಬಿನ ಗಿರಣಿಗಳ ಊರು."

"ಸೇತುವೆ ದಾಟಿದರೆ ಎಲ್ಲಾ ಒಂದೇ" ಅಂದರು ಕಾಕಾ.

"ಹೀಗೆ ಒಂದೇ ಒಂದೇ ಅಂತಲೇ 1962ರಲ್ಲಿ ಒಂದೇ ಕಾರ್ಪೊರೇಷನ್ ಮಾಡಿ ನಮ್ಮನ್ನೂ ಹುಬ್ಬಳ್ಳಿಗೆ ಕಟ್ಟಿದ್ರಿ. ಧಾರವಾಡದ ಹೆಸರು ಬೋರ್ಡಿನ ಮೇಲಷ್ಟೇ ಉಳೀತು."

ನೀರು, ರಸ್ತೆ, ಬಸ್ಸು, ಎಲ್ಲಾ ಜಗಳಕ್ಕೆ ಬಂತು. ಸೇತುವೆ ಮರೆತೇ ಹೋಯಿತು. ನಡುವೆ ಹಾವೇರಿಯ ಶೋಭಕ್ಕ ಅಮರಾವತಿ ಎಕ್ಸ್‌ಪ್ರೆಸ್ ನೆನಪು ತೆಗೆದಳು. ಹುಬ್ಬಳ್ಳಿಯಲ್ಲಿ ಹತ್ತಿ ಹೌರಾದಲ್ಲಿ ಇಳಿದದ್ದು, ಮಣ್ಣಿನ ಲೋಟದ ಚಹಾ, ಸ್ಟೇಷನ್ ಹೊರಗೆ ಬಂದ ಕೂಡಲೇ ಕಂಡ ನದಿ. ವಾಪಸ್ ಬರುವಾಗ ರಸಗುಲ್ಲದ ಡಬ್ಬಿ ಒಡೆದು ಪಾಕ ವೈನಿಯ ಇಳಕಲ್ ಸೀರೆಗೆ ಇಳಿದದ್ದು. "ಡಬ್ಬಿ ಕಟ್ಟಿದ್ದು ನಾನಲ್ಲ" ಅಂತ ವೈನಿ ಈಗಲೂ ಬರೆದರು.

ನನಗೆ ತಡೆಯಲಾಗಲಿಲ್ಲ. ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ರಿವೆಟ್, ಅಂದ್ರೆ ಉಕ್ಕಿನ ತಗಡು ಜೋಡಿಸುವ ದಪ್ಪ ಮೊಳೆ, ಹೊಡೆದವರು. ಕೂತು ಉದ್ದಕ್ಕೆ ಬರೆದೆ.

"ಕಾಕಾ, ಅರ್ಧ ನಿಜ ಇದೆ. ಹೌರಾ ಸೇತುವೆಗೆ ನಟ್ಟು ಬೋಲ್ಟು ಇಲ್ಲ. 1943ರಲ್ಲಿ ತೆರೆದದ್ದು, 26,500 ಟನ್ ಉಕ್ಕು, ಪೂರ್ತಿ ರಿವೆಟ್ ಕೆಲಸ. ರಿವೆಟನ್ನು ಕೆಂಪಗೆ ಕಾಯಿಸಿ ತೂತಿಗೆ ತೂರಿಸುತ್ತಾರೆ. ಒಂದು ಕಡೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಬಡಿದು ತಲೆ ಮಾಡುತ್ತಾರೆ. ಅದು ಆರುತ್ತಾ ಕುಗ್ಗುತ್ತದೆ, ಎರಡು ತಗಡುಗಳನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಉಗುಳಿನ ಮಾತೂ ಸುಳ್ಳಲ್ಲ. ಆದರೆ ಸವೆದದ್ದು ಸೇತುವೆಯಲ್ಲ. ಮೇಲಿನಿಂದ ಇಳಿಬಿದ್ದ ಕಂಬಗಳ ಬುಡಕ್ಕೆ ನೀರು ಇಳಿಯದಂತೆ ಹಾಕಿದ್ದ ಉಕ್ಕಿನ ಮುಚ್ಚಳ. 2007ರಿಂದ 2011ರ ಒಳಗೆ 6 ಮಿಲಿಮೀಟರ್ ದಪ್ಪದ್ದು 3ಕ್ಕಿಂತ ಕಡಿಮೆ ಆಗಿತ್ತು. ಪಾನ್ ಜೊತೆಗಿನ ಸುಣ್ಣ, ರಸ ಉಕ್ಕನ್ನು ತಿಂದಿತ್ತು. ಆಮೇಲೆ ಬುಡಕ್ಕೆ ಫೈಬರ್‌ಗ್ಲಾಸ್ ಹೊದಿಸಿದರು. ಮಂಜು ಬಿಟ್ಟಿದ್ದಾನೆ. ಅವನನ್ನು ಚುಚ್ಚಬೇಡಿ."

ಹತ್ತು ಜನ ನೋಡಿದರು. ಓದಿದವನು ಮಂಜು ಒಬ್ಬನೇ ಅನ್ನಿಸುತ್ತೆ. "ದೊಡ್ಡಪ್ಪನ ಎಡಗೈ ಮೇಲಿನ ಸುಟ್ಟ ಕಲೆ ರಿವೆಟ್‌ದಾ ಅಕ್ಕಾ?" ಅಂತ ಕೇಳಿದ.

ನಾನು ಹೂಂ ಅನ್ನುವ ಮೊದಲೇ ಕಾಕಾ ಬರೆದರು:

"ಎಡಗೈ ಅಲ್ಲೋ ಮಂಜು, ಬಲಗೈ. ಹದಿನೈದು ದಿನ ಅಣ್ಣನಿಗೆ ನಾನೇ ತುತ್ತು ಹಾಕಿದ್ದೆ."