ಆರಂಕಿ ಕೋಡ್ ತಗೊಳ್ಳುತ್ತಿಲ್ಲ, ಬ್ಲಾಗ್ ಹ್ಯಾಕ್ ಆಗಿದೆ ಅನ್ನಿಸುತ್ತಿದೆ, ಅರ್ಜೆಂಟ್

ಕೊಪಣ_ನಗರ | ಮೇ 2, ರಾತ್ರಿ 9.48

ತಲೆ ಕೆಟ್ಟುಹೋಗಿದೆ. ಮನೆಯ ಸರ್ವರಿನಲ್ಲಿರುವ ನನ್ನ ವರ್ಡ್‌ಪ್ರೆಸ್ ಬ್ಲಾಗಿನೊಳಗೆ ನನಗೇ ಹೋಗೋಕಾಗುತ್ತಿಲ್ಲ. ಪಾಸ್‌ವರ್ಡ್ ತಗೊಳ್ಳುತ್ತದೆ. ಆಮೇಲೆ ಫೋನಿನ ಆಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿ ಕೋಡ್ ಹಾಕಿದರೆ "ಕೋಡ್ ತಪ್ಪು" ಅನ್ನುತ್ತದೆ. 14 ಸಲ ಹಾಕಿದೆ. ಮೇಲ್‌ಗೆ ಕೋಡ್ ಕಳಿಸು ಅಂದರೆ ಇಮೇಲೂ ಬರುತ್ತಿಲ್ಲ. ಹೋದ ತಿಂಗಳವರೆಗೆ ಎಲ್ಲ ಸರಿ ಇತ್ತು, ನಾನು ಏನೂ ಮುಟ್ಟಿಲ್ಲ. ಯಾರೋ ನುಗ್ಗಿ ಬದಲಾಯಿಸಿದ್ದಾರೆ ಅಲ್ವಾ? ನಾಲ್ಕು ವರ್ಷದ ಬರಹ, ಕಿನ್ನಾಳದ ಗೊಂಬೆ ಮಾಡುವವರ ಫೋಟೊ, ಹಿರೇಬೆಣಕಲ್ ಗುಡ್ಡದ ಫೋಟೊ, ಎಲ್ಲ ಅದರಲ್ಲೇ ಇವೆ. ಬೇಗ ಹೇಳಿ.

ಬಳ್ಳಾರಿ_ಬಿಸಿಲು | ರಾತ್ರಿ 9.55

ನೋಡಿದ ಕೂಡಲೇ ಗೊತ್ತಾಯಿತು. ಎಕ್ಸ್‌ಎಂಎಲ್‌-ಆರ್‌ಪಿಸಿ. ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಜೊತೆ ಮಾತಾಡುವ ದಾರಿ ಅದು, ಹಿಂಬಾಗಿಲು ಇದ್ದ ಹಾಗೆ. ಎಷ್ಟೋ ಬ್ಲಾಗುಗಳಲ್ಲಿ ಮುಂದಿನ ಬಾಗಿಲಿಗೆ ಮಾತ್ರ ಆರಂಕಿ ಕೋಡ್, ಅಲ್ಲಿ ಬರೀ ಪಾಸ್‌ವರ್ಡ್ ಸಾಕು. ಒಂದೇ ಸಲಕ್ಕೆ ನೂರಾರು ಪಾಸ್‌ವರ್ಡ್ ತೂರಿ ನೋಡುತ್ತಾರೆ. ಮೊದಲು ಅದನ್ನು ಮುಚ್ಚಿ, ಆಮೇಲೆ ಮಾತಾಡೋಣ. ಹನ್ನೆರಡು ವರ್ಷದಿಂದ ವರ್ಡ್‌ಪ್ರೆಸ್ ನಡೆಸುತ್ತಿದ್ದೇನೆ, ಇದೇ ಇರುತ್ತದೆ.

ಗಂಗಾವತಿ_ಸೋನಾ | ರಾತ್ರಿ 10.04

ಬಿಸಿಲಣ್ಣಾ, ಆ ನೂರಾರು ಪಾಸ್‌ವರ್ಡ್ ಕಥೆ 2015ರದ್ದು. ಅದೇ ವರ್ಷ ಬಂದ ವರ್ಡ್‌ಪ್ರೆಸ್ 4.4ರಲ್ಲೇ ಸರಿ ಮಾಡಿದರು. ಒಂದು ತಪ್ಪಾದರೆ ಆ ಕಟ್ಟಿನಲ್ಲಿರುವ ಉಳಿದದ್ದೂ ತಪ್ಪು. ಮುಚ್ಚುವುದು ಒಳ್ಳೆಯದೇ, ಆದರೆ ಎಲ್ಲ ರೋಗಕ್ಕೂ ಅದೇ ಗುಳಿಗೆ ಕೊಡಬೇಡಿ.

ಕೊಪಣ, ಸರ್ವರಿನೊಳಗೆ ಹೋಗೋಕೆ ಬರುತ್ತದೆ ತಾನೆ? ಕೋಡ್ ಕೇಳುವ ಪ್ಲಗಿನ್ನಿನ ಫೋಲ್ಡರ್ ಹೆಸರು ಬದಲಾಯಿಸಿ. ಬರೀ ಪಾಸ್‌ವರ್ಡಿಗೆ ತೆರೆಯುತ್ತದೆ. ಇನ್ನು, ಬರೀ ಬರಹ-ಫೋಟೊ ಹಾಕೋಕೆ ವರ್ಡ್‌ಪ್ರೆಸ್ ಯಾಕೆ ಬೇಕು ಹೇಳಿ? ನಾನು ಹ್ಯೂಗೊಗೆ ಬಂದು ಮೂರು ವರ್ಷ ಆಯಿತು. ಅದು ಬರಹವನ್ನು ಬರೀ ಪುಟಗಳಾಗಿ ಮಾಡಿಕೊಡುತ್ತದೆ, ಲಾಗಿನ್ನೇ ಇಲ್ಲ, ಡೇಟಾಬೇಸೇ ಇಲ್ಲ. ಕದಿಯೋಕೆ ಏನೂ ಇಲ್ಲದ ಮನೆಗೆ ಬೀಗ ಯಾಕೆ?

ಬಳ್ಳಾರಿ_ಬಿಸಿಲು | ರಾತ್ರಿ 10.09

ಕಾಮೆಂಟೂ ಇಲ್ಲ, ಹುಡುಕೋಕೂ ಬರಲ್ಲ, ಓದುವವರೂ ಇಲ್ಲ.

ಕೊಪಣ_ನಗರ | ರಾತ್ರಿ 10.51

ಫೋಲ್ಡರ್ ಹೆಸರು ಬದಲಾಯಿಸಿ ಒಳಗೆ ಹೋದೆ. ಅಬ್ಬಾ, ಬರಹ ಎಲ್ಲ ಇವೆ. ಎಕ್ಸ್‌ಎಂಎಲ್‌-ಆರ್‌ಪಿಸಿಯನ್ನೂ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಮುಚ್ಚಿದೆ. ಆಮೇಲೆ ಪ್ಲಗಿನ್ ವಾಪಸ್ ಹಾಕಿ, ಹಳೇ ಕ್ಯೂಆರ್ ಅಳಿಸಿ, ಹೊಸ ಕ್ಯೂಆರ್ ಸ್ಕ್ಯಾನ್ ಮಾಡಿದೆ. ಈಗಷ್ಟೇ ಮಾಡಿದ ಹೊಸ ಕೋಡಿಗೂ "ತಪ್ಪು" ಅನ್ನುತ್ತಿದೆ! ಅಪ್‌ಡೇಟ್ ಒತ್ತಿದರೆ ವರ್ಡ್‌ಪ್ರೆಸ್ ಸರ್ವರ್ ಸಿಗುತ್ತಿಲ್ಲ ಅನ್ನುತ್ತದೆ. ಇಂಟರ್‌ನೆಟ್ ಚೆನ್ನಾಗಿದೆ, ಗೂಗಲ್‌ನ 8.8.8.8ಕ್ಕೆ ಪಿಂಗ್ ಹೋಗುತ್ತಿದೆ. ಹೊರಗಿನವರಿಗೆ ಬ್ಲಾಗೂ ತೆರೆಯುತ್ತಿದೆ.

ಬಳ್ಳಾರಿ_ಬಿಸಿಲು | ರಾತ್ರಿ 10.58

ಹಾಗಾದರೆ ಒಳಗೇ ಕೂತಿದ್ದಾನೆ. ಒಳಗೆ ಬಂದವನು ಮೊದಲು ಮಾಡುವ ಕೆಲಸವೇ ಅಪ್‌ಡೇಟ್ ತಡೆಯೋದು. ಲಾಗ್ ತೆಗೆದು ನೋಡಿ, ಯಾರು ಯಾವಾಗ ಲಾಗಿನ್‌ಗೆ ಪ್ರಯತ್ನ ಮಾಡಿದ್ದಾರೆ ಅಂತ.

ಕೊಪಣ_ನಗರ | ರಾತ್ರಿ 11.30

ಸಿಕ್ಕಿತು! ಏಪ್ರಿಲ್ 20, ಬೆಳಗಿನ ಜಾವ 2.57ರಿಂದ ಸಾಲಾಗಿ 14 ಸಲ ಲಾಗಿನ್ ಪ್ರಯತ್ನ. ಐಪಿ 192.168.1.7. ಕೈ ನಡುಗುತ್ತಿದೆ.

ಬಳ್ಳಾರಿ_ಬಿಸಿಲು | ರಾತ್ರಿ 11.34

ನಾನು ಹೇಳಲಿಲ್ವಾ? ಬೆಳಗಿನ ಜಾವ ಮೂರಕ್ಕೆ ಯಾವ ಮನುಷ್ಯ ಕೂತು ಲಾಗಿನ್ ಮಾಡುತ್ತಾನೆ? ಬಾಟ್. ಈಗ ಮಾಡಬೇಕಾದ್ದು: ವರ್ಡ್‌ಪ್ರೆಸ್ ಮೂಲ ಫೈಲುಗಳನ್ನೆಲ್ಲ ಅಳಿಸಿ ಹೊಸದು ಹಾಕಿ. ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿ. ಕಾನ್ಫಿಗ್ ಫೈಲಿನ ಸಾಲ್ಟ್ ಕೀಲಿಗಳನ್ನೂ ಬದಲಾಯಿಸಿ, ಆಗ ತೆರೆದಿರುವ ಲಾಗಿನ್‌ಗಳೆಲ್ಲ ಬಿದ್ದುಹೋಗುತ್ತವೆ. ಅಡ್ಮಿನ್ ಅನ್ನುವ ಹೆಸರಿದ್ದರೆ ಅದನ್ನೂ ತೆಗೆಯಿರಿ.

ಗಂಗಾವತಿ_ಸೋನಾ | ರಾತ್ರಿ 11.41

192.168 ಅಂದರೆ ಮನೆಯೊಳಗಿನ ಐಪಿ ಅಣ್ಣಾ. ರಷ್ಯಾದಿಂದ ಬಂದದ್ದಲ್ಲ, ಅಡುಗೆಮನೆಯಿಂದ ಬಂದದ್ದು.

ಬಳ್ಳಾರಿ_ಬಿಸಿಲು | ರಾತ್ರಿ 11.43

ಮನೆಯ ಯಾವುದೋ ಫೋನಿನಲ್ಲಿ ವೈರಸ್ ಇದೆ ಹಾಗಾದರೆ.

ಕೊಪಣ_ನಗರ | ಮೇ 3, ಬೆಳಗ್ಗೆ 7.20

ರಾತ್ರಿ ನಿದ್ದೆ ಇಲ್ಲ. ಬಿಸಿಲಣ್ಣ ಹೇಳಿದ್ದೆಲ್ಲ ಮಾಡಿದೆ. ಹೊಸ ಜಿಪ್ ಬೇರೆ ಲ್ಯಾಪ್‌ಟಾಪಿನಲ್ಲಿ ಇಳಿಸಿ ಹಾಕಿದೆ, ಸಾಲ್ಟ್ ಬದಲಾಯಿಸಿದೆ. ಕೋಡ್ ಈಗಲೂ ತಪ್ಪು.

ಇನ್ನೊಂದು ಮಾತು. ಏಪ್ರಿಲ್ 20ಕ್ಕೆ ನಾವು ಯಾರೂ ಮನೆಯಲ್ಲೇ ಇರಲಿಲ್ಲ. 19ರ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ತಂಗಿ ಮದುವೆಗೆ ಊರಿಗೆ ಹೋದವರು, ನಿನ್ನೆ ಸಂಜೆ ನಾಲ್ಕಕ್ಕೆ ಬಂದೆವು. ಕರೆಂಟೇ ಇಲ್ಲದ ಮನೆಯಲ್ಲಿ ಲಾಗಿನ್ ಮಾಡಿದ್ದು ಯಾರು?

ಸಂಡೂರ_ಕಾಡು | ಬೆಳಗ್ಗೆ 8.02

ದೆವ್ವ. ಹ್ಯೂಗೊ ಹಾಕಿಸಿ, ದೆವ್ವಕ್ಕೂ ಲಾಗಿನ್ ಸಿಗಲ್ಲ.

ತಮಾಷೆ ಬಿಡಿ, ಮೇನ್ ಸ್ವಿಚ್ ಆಫ್ ಮಾಡಿ ಸರ್ವರ್ ನಡೆಸುತ್ತೀರಾ? ನನ್ನದು ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್, ಡೆಬಿಯನ್ ಲಿನಕ್ಸ್. ಅದರ ಬ್ಯಾಟರಿಯೇ ಒಂದು ಯುಪಿಎಸ್. ಅದರ ಮೇಲೆ 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್. ರೌಟರ್, ಫೈಬರ್ ಡಬ್ಬಿ ಎರಡೂ ಅದರ ಮೇಲೇ. ಹೋದ ವರ್ಷ ಮಳೆಗಾಲದಲ್ಲಿ ಇಡೀ ಓಣಿ ಕತ್ತಲಾದರೂ ನನ್ನ ಸೈಟ್ ಎದ್ದೇ ಇತ್ತು.

ಬಳ್ಳಾರಿ_ಬಿಸಿಲು | ಬೆಳಗ್ಗೆ 8.15

ಸಂಡೂರಿನ ತಂಪಿನಲ್ಲಿ ಎಲ್ಲ ನಡೆಯುತ್ತದೆ. ಮೇ ತಿಂಗಳಲ್ಲಿ ಬಳ್ಳಾರಿಗೆ ತನ್ನಿ ಆ ಥಿಂಕ್‌ಪ್ಯಾಡನ್ನು. ನನ್ನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಮಧ್ಯಾಹ್ನ 80 ಡಿಗ್ರಿ ಮುಟ್ಟಿ ತಾನೇ ನಿಧಾನ ಆಗುತ್ತಿತ್ತು. ಅಲ್ಯೂಮಿನಿಯಂ ಕೇಸು, ಎರಡು ಫ್ಯಾನು ಹಾಕಿದ ಮೇಲೆ 61.

ಮಸ್ಕಿ_ಅಕ್ಕೋರು | ಸಂಜೆ 7.40

ಶಾಲೆ ಕೆಲಸ ಮುಗಿಸಿ ಈಗ ಓದಿದೆ. ಕೊಪಣ ತಮ್ಮಾ, ಎರಡು ಪ್ರಶ್ನೆ. ಸರ್ವರ್ ಯಾವ ಡಬ್ಬಿಯ ಮೇಲಿದೆ? ಅದರಲ್ಲಿ ಡೇಟ್ ಅನ್ನುವ ಕಮಾಂಡ್ ಹೊಡೆದರೆ ಏನು ಬರುತ್ತದೆ?

ಕೊಪಣ_ನಗರ | ರಾತ್ರಿ 8.03

ಪೈ 4 ಅಕ್ಕೋರೆ, ಹೇಳಿದ್ದೆ ಅನ್ಕೊಂಡಿದ್ದೆ. ಡೇಟ್ ಹೊಡೆದೆ. ಗೋಡೆ ಗಡಿಯಾರ ರಾತ್ರಿ ಎಂಟು ತೋರಿಸುತ್ತಿದೆ. ಪೈ ತೋರಿಸುತ್ತಿರುವುದು ಏಪ್ರಿಲ್ 21, ಬೆಳಗಿನ ಜಾವ 2 ಗಂಟೆ 17 ನಿಮಿಷ.

ಒಂದು ನಿಮಿಷ.

ನಿನ್ನೆ 14 ಸಲ ಕೋಡ್ ಹಾಕಿದವನು ನಾನೇ. 192.168.1.7 ನನ್ನ ಫೋನು.

ಮಸ್ಕಿ_ಅಕ್ಕೋರು | ರಾತ್ರಿ 8.11

ಹೂಂ. ನಿಮ್ಮ ದೆವ್ವ ನೀವೇ. ಪೈ 4ರಲ್ಲಿ ಗಡಿಯಾರದ ಸೆಲ್ ಇರುವುದಿಲ್ಲ. ಕರೆಂಟ್ ಹೋದರೆ ಹೊತ್ತು ಮರೆತುಹೋಗುತ್ತದೆ. ಎದ್ದಾಗ, ಕೊನೆಯ ಸಲ ಮೆಮೊರಿ ಕಾರ್ಡಿನಲ್ಲಿ ಬರೆದಿಟ್ಟ ಸಮಯದಿಂದ ಎಣಿಸೋಕೆ ಶುರು ಮಾಡುತ್ತದೆ. ನೀವು 12 ದಿನ ಮದುವೆ ಊಟ ಮಾಡಿದಿರಿ, ಅದು 19ರ ರಾತ್ರಿಯಲ್ಲೇ ನಿಂತಿತ್ತು.

ಆರಂಕಿ ಕೋಡ್ ಹುಟ್ಟುವುದು ಎರಡರಿಂದ. ಒಂದು ಕ್ಯೂಆರ್‌ನಲ್ಲಿರುವ ಗುಟ್ಟು, ಇನ್ನೊಂದು ಈಗಿನ ಹೊತ್ತು. 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನು ಮೇ 3ರ ಕೋಡ್ ಕೊಡುತ್ತಿದೆ, ಪೈ ಏಪ್ರಿಲ್ 21ರ ಕೋಡ್ ಕೇಳುತ್ತಿದೆ. ಹೊಸ ಕ್ಯೂಆರ್‌ಗೂ ತಪ್ಪು ಅಂತು ಅಂದಾಗಲೇ ಕಳ್ಳನ ಮಾತು ಬಿಡಬೇಕಿತ್ತು. ಕಳ್ಳ ಹಳೇ ಗುಟ್ಟನ್ನು ಬದಲಾಯಿಸಬಹುದು, ಈಗಷ್ಟೇ ಮಾಡಿದ್ದನ್ನಲ್ಲ.

ಕೈಯಿಂದ ಸಮಯ ಸರಿ ಮಾಡಿ ಕೋಡ್ ಹಾಕಿ ನೋಡಿ.

ಕೊಪಣ_ನಗರ | ರಾತ್ರಿ 8.19

ಮೊದಲ ಸಲಕ್ಕೇ ತಗೊಂಡಿತು!! ಇನ್ನೊಂದು ಮಜಾ. ಮೇ 1ಕ್ಕೆ ಬೆಳಗ್ಗೆ ಆರಕ್ಕೆ ತಾನೇ ಪ್ರಕಟವಾಗಲಿ ಅಂತ ಇಟ್ಟಿದ್ದ ಗವಿಮಠದ ಅಶೋಕ ಶಾಸನದ ಬರಹ ಈಗ ಟಪಕ್ ಅಂತ ಹೊರಗೆ ಬಂತು. ಅದು ಬಂದಿಲ್ಲ ಅಂತ ಗೊತ್ತಿತ್ತು, ಬೇರೆ ಸಮಸ್ಯೆ ಅಂತ ಹೇಳಲಿಲ್ಲ.

ಬಳ್ಳಾರಿ_ಬಿಸಿಲು | ರಾತ್ರಿ 8.26

ಸರಿ, ಒಪ್ಪಿದೆ. ಆದರೆ ಎಕ್ಸ್‌ಎಂಎಲ್‌-ಆರ್‌ಪಿಸಿ ಮುಚ್ಚಿಯೇ ಇರಲಿ.

ಅಂದಹಾಗೆ ಬರಹದಲ್ಲಿ ಅಶೋಕನ ಹೆಸರಿರುವ ಶಾಸನ ಮಸ್ಕಿಯದ್ದು ಮಾತ್ರ ಅಂತ ಬರೆದಿದ್ದೀರಿ. ನಮ್ಮ ಜಿಲ್ಲೆಯ ನಿಟ್ಟೂರು, ಉದೆಗೋಳದಲ್ಲೂ ಹೆಸರಿದೆ. ತಿದ್ದಿ.

ಮಸ್ಕಿ_ಅಕ್ಕೋರು | ರಾತ್ರಿ 8.31

ಮೊದಲು ಸಿಕ್ಕಿದ್ದು ನಮ್ಮೂರಲ್ಲಿ, 1915ರಲ್ಲಿ. "ದೇವಾನಂಪ್ರಿಯ" ಅಂದರೆ ಅಶೋಕನೇ ಅಂತ ಗಟ್ಟಿಯಾಗಿದ್ದು ಅದರಿಂದ. ನಿಮ್ಮವು ಎಷ್ಟೋ ವರ್ಷ ಆದಮೇಲೆ ಸಿಕ್ಕವು. ಆದರೂ ತಿದ್ದಲಿ, ನೀವು ಹೇಳಿದ್ದು ಸರಿ.

ಗಂಗಾವತಿ_ಸೋನಾ | ರಾತ್ರಿ 8.40

ಶಾಸನ ಆಮೇಲೆ ಓದೋಣ. ಪೈ ಎದ್ದ ಮೇಲೆ ನೆಟ್‌ನಿಂದ ಸಮಯ ತಗೊಂಡು ತಾನೇ ಸರಿ ಆಗಬೇಕಿತ್ತು. 28 ಗಂಟೆ ಆನ್ ಇದ್ದರೂ ಯಾಕೆ ಆಗಲಿಲ್ಲ? ಅಪ್‌ಡೇಟ್ ಸಿಗಲಿಲ್ಲ, ಮೇಲ್ ಹೋಗಲಿಲ್ಲ. ನಂಬರಿಗೆ ಪಿಂಗ್ ಹೋಗುತ್ತದೆ, ಹೆಸರಿಗೆ ಹೋಗುತ್ತಿಲ್ಲ ಅನ್ನಿಸುತ್ತದೆ. ಹೆಸರನ್ನು ನಂಬರಿಗೆ ತಿರುಗಿಸುವ ಡಿಎನ್‌ಎಸ್ ಯಾವುದು ಇಟ್ಟಿದ್ದೀರಿ?

ಕೊಪಣ_ನಗರ | ರಾತ್ರಿ 8.52

ಪೈ ಒಳಗೇ ಅನ್‌ಬೌಂಡ್ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಇದೆ, ಉತ್ತರ ಅಸಲಿಯೇ ಅಂತ ನೋಡುವ ಡಿಎನ್‌ಎಸ್‌ಸೆಕ್ ಆನ್. ಸೆಕ್ಯುರಿಟಿಗೆ ಒಳ್ಳೆಯದು ಅಂತ ಒಂದು ವಿಡಿಯೊ ನೋಡಿ ಜನವರಿಯಲ್ಲಿ ಹಾಕಿದ್ದೆ. ಪೈ ಮಾತ್ರ ಅದನ್ನು ಬಳಸುತ್ತದೆ. ಮನೆಯ ಫೋನುಗಳಿಗೆ ರೌಟರಿನದ್ದೇ.

ಗಂಗಾವತಿ_ಸೋನಾ | ರಾತ್ರಿ 8.55

"ನಾನು ಏನೂ ಮುಟ್ಟಿಲ್ಲ" 🙏

ಮಸ್ಕಿ_ಅಕ್ಕೋರು | ರಾತ್ರಿ 9.10

ಅಲ್ಲಿದೆ ಗಂಟು. ಡಿಎನ್‌ಎಸ್‌ಸೆಕ್‌ನಲ್ಲಿ ಪ್ರತಿ ಉತ್ತರಕ್ಕೂ ಒಂದು ಸಹಿ. ಸಹಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ. ಎಲ್ಲಕ್ಕೂ ಮೇಲಿರುವ ರೂಟ್ ವಲಯಕ್ಕೆ ದಿನಾಲೂ ಹೊಸ ಸಹಿ ಬೀಳುತ್ತದೆ. ನಿಮ್ಮ ಪೈ ಏಪ್ರಿಲ್ 19 ಅಂದುಕೊಂಡು ಕೂತಿದೆ, ಬಂದ ಸಹಿ ಮೇ ತಿಂಗಳದ್ದು. ಇನ್ನೂ ಶುರುವೇ ಆಗದ ಸಹಿ, ನಂಬಲ್ಲ ಅಂತ ಉತ್ತರವನ್ನೇ ಬಿಸಾಕುತ್ತದೆ. ಹೆಸರು ಬಿಡಿಸೋಕಾಗದಿದ್ದರೆ ಸಮಯದ ಸರ್ವರ್ ಸಿಗಲ್ಲ. ಸಮಯ ಸಿಗದಿದ್ದರೆ ಹೆಸರು ಬಿಡಿಸೋಕಾಗಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಐದಾರು ಗಂಟೆ ಕರೆಂಟ್ ಹೋದಾಗ ಇದು ಗೊತ್ತಾಗುವುದೇ ಇಲ್ಲ. ಅಷ್ಟು ಹಿಂದೆ ಬಿದ್ದರೂ ಸಹಿಗಳು ಸಾಮಾನ್ಯವಾಗಿ ಅವಧಿಯೊಳಗೇ ಇರುತ್ತವೆ.

ಸುಲಭದ ದಾರಿ: ನೆಟ್‌ನಿಂದ ಸಮಯ ತರುವ ಟೈಮ್‌ಸಿಂಕ್‌ಡಿ ಕಾನ್ಫಿಗ್‌ನಲ್ಲಿ ಎನ್‌ಟಿಪಿ ಅನ್ನುವ ಸಾಲಿಗೆ ಹೆಸರಿನ ಬದಲು ನಂಬರ್ ಹಾಕಿ. ಕ್ಲೌಡ್‌ಫ್ಲೇರ್‌ನ ಸಮಯದ ಸರ್ವರ್ 162.159.200.1 ಮತ್ತು 162.159.200.123. ನಂಬರಿಗೆ ಡಿಎನ್‌ಎಸ್ ಬೇಡ.

ಇನ್ನೊಂದು, ಸೈಟಿನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ನೋಡಿಕೊಳ್ಳಿ. ಅದನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು 2025ರ ಜೂನ್‌ನಿಂದ "ಅವಧಿ ಮುಗಿಯುತ್ತಿದೆ" ಅಂತ ಮೇಲ್ ಕಳಿಸುವುದನ್ನು ನಿಲ್ಲಿಸಿದ್ದಾರೆ. ನೀವೇ ನೋಡಬೇಕು.

ಗಂಗಾವತಿ_ಸೋನಾ | ರಾತ್ರಿ 9.22

ನಂಬರ್ ಬರೆದಿಡುವುದು ನನಗೆ ಸೇರಲ್ಲ ಅಕ್ಕೋರೆ. ನಾಳೆ ಅವರು ನಂಬರ್ ಬದಲಾಯಿಸಿದರೆ? ಅನ್‌ಬೌಂಡ್‌ನಲ್ಲೇ ಸಮಯದ ಸರ್ವರ್‌ಗಳ ಗುಂಪಾದ ಎನ್‌ಟಿಪಿ ಪೂಲ್‌ನ ಡೊಮೇನಿಗೆ ಮಾತ್ರ ಸಹಿ ನೋಡಬೇಡ ಅಂತ ಹೇಳಬಹುದು, ಡೊಮೇನ್-ಇನ್‌ಸೆಕ್ಯೂರ್ ಅಂತ ಒಂದು ಸಾಲು.

ಮಸ್ಕಿ_ಅಕ್ಕೋರು | ರಾತ್ರಿ 9.27

ಅದೂ ನಡೆಯುತ್ತದೆ. ಎರಡೂ ಹಾಕಿದರೆ ಯಾರೂ ಜೈಲಿಗೆ ಹಾಕಲ್ಲ.

ಸಂಡೂರ_ಕಾಡು | ರಾತ್ರಿ 9.45

ನನ್ನ ಥಿಂಕ್‌ಪ್ಯಾಡಿನಲ್ಲಿ ಗಡಿಯಾರದ ಸೆಲ್ ಮೊದಲೇ ಇದೆ. ಸುಮ್ನೆ ಹೇಳಿದೆ.

ಬಳ್ಳಾರಿ_ಬಿಸಿಲು | ರಾತ್ರಿ 9.50

ಪೈಗೂ ಹಾಕಬಹುದು ಸ್ವಾಮಿ. ಡಿಎಸ್3231 ಅಂತ ಗಡಿಯಾರದ ಪುಟ್ಟ ಬೋರ್ಡ್, ಜಿಪಿಐಒ ಪಿನ್ನುಗಳಿಗೆ ಸಿಕ್ಕಿಸಿ ಕಾನ್ಫಿಗ್‌ನಲ್ಲಿ ಒಂದು ಸಾಲು ಬರೆದರೆ ಆಯಿತು. ಒಂದು ಎಚ್ಚರಿಕೆ: ನೀಲಿ ಬಣ್ಣದ ದೊಡ್ಡ ಬೋರ್ಡ್ ಬರುತ್ತದೆ, ಅದರಲ್ಲಿ ಸೆಲ್‌ಗೆ ಚಾರ್ಜ್ ಕಳಿಸುವ ದಾರಿ ಇರುತ್ತದೆ. ಮಾಮೂಲಿ ಸಿಆರ್2032 ಸೆಲ್ ಚಾರ್ಜ್ ಮಾಡುವಂಥದ್ದಲ್ಲ, ಊದಿಕೊಳ್ಳುತ್ತದೆ. ನಂದು ಒಂದು ಹಾಗೇ ಹೋಯಿತು. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ತಗೋಬೇಕು.

ಕೊಪಣ_ನಗರ | ಜೂನ್ 11, ರಾತ್ರಿ 10.15

ನಿನ್ನೆ ಗಾಳಿ ಮಳೆಗೆ ಐದು ಗಂಟೆ ಕರೆಂಟ್ ಇರಲಿಲ್ಲ. ಬಂದ ಕೂಡಲೇ ಡೇಟ್ ಹೊಡೆದೆ, ಸರಿ ಇತ್ತು. ಆದರೆ ಐದು ಗಂಟೆಗೆ ಗೊತ್ತಾಗಲ್ಲ ಅಂತ ಅಕ್ಕೋರು ಹೇಳಿದ್ದರಲ್ಲ, ಅದಕ್ಕೆ ಇವತ್ತು ನಾನೇ ಗಡಿಯಾರವನ್ನು 20 ದಿನ ಹಿಂದೆ ತಿರುಗಿಸಿ ರೀಬೂಟ್ ಮಾಡಿದೆ. ಅರ್ಧ ನಿಮಿಷದಲ್ಲಿ ತಾನೇ ಇವತ್ತಿಗೆ ಬಂತು. ನಂಬರ್ ಹಾಕಿದ್ದೇನೆ. ಸೋನಾ ಅವರ ಸಾಲು ಹಾಕಿಲ್ಲ, ಸೋಮಾರಿತನ. ನಿಟ್ಟೂರು, ಉದೆಗೋಳ ತಿದ್ದಿದ್ದೇನೆ.

ಸಿಂಧನೂರು_ಕಾಲುವೆ | ಜುಲೈ 2, ಮಧ್ಯಾಹ್ನ 1.30

ನನ್ನದೂ ಇದೇ ಸಮಸ್ಯೆ. ಆರಂಕಿ ಕೋಡ್ ತಪ್ಪು ಅನ್ನುತ್ತದೆ. ಏನೂ ಮುಟ್ಟಿಲ್ಲ. ಸರ್ವರಿನಲ್ಲಿ ಡೇಟ್ ಸರಿ ಇದೆ.

ಮಸ್ಕಿ_ಅಕ್ಕೋರು | ಸಂಜೆ 6.05

ಫೋನಿನಲ್ಲಿ? ಸಮಯ ತಾನೇ ಹೊಂದಿಸಿಕೊಳ್ಳುವುದು ಆನ್ ಇದೆಯಾ, ಕೈಯಿಂದ ಇಟ್ಟಿದ್ದೀರಾ?

ಬಳ್ಳಾರಿ_ಬಿಸಿಲು | ಸಂಜೆ 6.12

ಎಕ್ಸ್‌ಎಂಎಲ್‌-ಆರ್‌ಪಿಸಿ ಮುಚ್ಚಿದ್ದೀರಾ?