ಸಹಾಯ ಬೇಕು: ಉಗುರಿನಷ್ಟು ಬೆಂಕಿ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. 28 ಮಿ.ಮೀ. ಎತ್ತರದ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವ ಹುಚ್ಚು ಹಿಡಿದು ಒಂದು ವರ್ಷ ಆಯಿತು. ಈಗ ಬೆಂಕಿಗೆ ಬಣ್ಣ ಹಚ್ಚುವುದನ್ನು ಕಲಿಯಬೇಕು. ಆದರೆ ಕಲಿಯಲು ಬೆಂಕಿಯೇ ಇಲ್ಲ! ದೀವಟಿಗೆ ಹಿಡಿದ ಗೊಂಬೆ ಇರುವುದು ಒಂದೇ, ಅದನ್ನು ಹಾಳು ಮಾಡಲು ಮನಸ್ಸಿಲ್ಲ. ಅದಕ್ಕೇ ಅಭ್ಯಾಸಕ್ಕೆ ಅಂತ ಒಂದು ಪುಟ್ಟ ಜ್ವಾಲೆಯ ಬೊಂಬೆ ನಾನೇ ಮಾಡಲು ಹೊರಟಿದ್ದೇನೆ.

ಬಣ್ಣದ ಲೆಕ್ಕ ಗೊತ್ತು. ಬುಡದಲ್ಲಿ, ಸಂದಿಯಲ್ಲಿ ಬಿಳಿ-ಹಳದಿ, ಮೇಲೆ ಹೋದಂತೆ ಕಿತ್ತಳೆ, ತುದಿಗೆ ಕೆಂಪು. ಮಾಮೂಲಿ ನೆರಳು-ಬೆಳಕಿಗೆ (ಸಂದಿಯಲ್ಲಿ ಗಾಢ, ಉಬ್ಬಿದಲ್ಲಿ ತಿಳಿ) ಪೂರ್ತಿ ಉಲ್ಟಾ, ಅಲ್ವಾ? ಆದರೆ ಜ್ವಾಲೆಯ ಆಕಾರವೇ ಬರುತ್ತಿಲ್ಲ.

ಮೊದಲು ಹಾಟ್ ಗ್ಲೂ (ಕಾಯಿಸಿ ಕರಗಿಸುವ ಅಂಟು) ಎಳೆದು ನೋಡಿದೆ. ಜ್ವಾಲೆ ಬರಲಿಲ್ಲ, ಜೇಡರ ಬಲೆ ಬಂತು. ಆಮೇಲೆ ಪೈಪ್ ಸೋರಿದರೆ ಹಚ್ಚುವ ಎಪಾಕ್ಸಿ ಪುಟ್ಟಿ ತಂದೆ. ಕಲಸಿದ ತಕ್ಷಣ ಎಳೆದರೆ ತುದಿ ಮೆತ್ತಗೆ ಬಾಗಿ ಬೀಳುತ್ತದೆ. ಅರ್ಧ ಗಂಟೆ ಬಿಟ್ಟು ಎಳೆದರೆ ಪಟ್ಟನೆ ತುಂಡಾಗುತ್ತದೆ. ಒಳಗೆ ತಾಮ್ರದ ತಂತಿ ಇಟ್ಟೆ, ಜಾಸ್ತಿ ದಪ್ಪ ಆಯಿತು. ಆಯಿ ನೋಡಿ "ಇದೆಂಥದೋ, ಶುಂಠಿನಾ?" ಅಂದಳು. ಸುಳ್ಳಲ್ಲ, ಹಾಗೇ ಇದೆ.

ನನಗೆ ಬೇಕಾದ ಎತ್ತರ ಒಂದೂವರೆ ಸೆಂಟಿಮೀಟರ್ ಅಷ್ಟೇ. ಮಾಡಿ ಗೊತ್ತಿದ್ದವರು ಹೇಳಿ: ಪುಟ್ಟಿ ಕಲಸಿ ಎಷ್ಟು ಹೊತ್ತಿಗೆ ತುದಿ ಎಳೆಯಬೇಕು? ಒಂದೊಂದೇ ನಾಲಿಗೆ ಮಾಡಿ, ಗಟ್ಟಿಯಾದ ಮೇಲೆ ಅಂಟಿಸುವುದಾ, ಒಂದೇ ಉಂಡೆಯಿಂದ ಎಲ್ಲ ಎಳೆಯುವುದಾ? ಇಲ್ಲಾ ರೆಸಿನ್‌ನಲ್ಲಿ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ಪ್ಲಾಸ್ಟಿಕ್) ಮಾಡಿದ ಜ್ವಾಲೆ ಹುಬ್ಬಳ್ಳಿ ಕಡೆ ಎಲ್ಲಾದರೂ ಬಿಡಿಯಾಗಿ ಸಿಗುತ್ತದಾ?