ಮಿನಿ ಕಾರಿನ ಹಿಂದಿನ ಸಬ್‌ಫ್ರೇಮ್‌ಗೆ ತುಕ್ಕು: ಉಳಿಸಿಕೊಳ್ಳಬಹುದಾ, ಹೊಸದೇ ತರಿಸಬೇಕಾ?

ವಾಸ್ಕೋವಾಸಿ:

ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ ಕಡೆ, ಈಗ ಇರುವುದು ಗೋವಾದ ವಾಸ್ಕೋದಲ್ಲಿ. ನನ್ನ ಹತ್ತಿರ 1970ರ ದಶಕದ ಒಂದು ಮಿನಿ 1000 ಇದೆ. ಸ್ಪ್ರಿಂಗ್ ಜಾಗದಲ್ಲಿ ರಬ್ಬರ್ ಕೋನ್ ಇರುವ ಸಸ್ಪೆನ್ಷನ್, ಒತ್ತಡದ ದ್ರವ ತುಂಬಿದ ಹೈಡ್ರೋಲಾಸ್ಟಿಕ್ ಅಲ್ಲ. ಇಂಜಿನ್ ಚೆನ್ನಾಗಿ ಓಡುತ್ತಿದೆ, ಬಾಡಿಗೂ ಅಂಥ ತೊಂದರೆ ಇಲ್ಲ. ಕಷ್ಟ ಇರುವುದು ಹಿಂದಿನ ಸಬ್‌ಫ್ರೇಮಿನಲ್ಲಿ, ಅಂದರೆ ಹಿಂದಿನ ಚಕ್ರ, ಸಸ್ಪೆನ್ಷನ್ ಹೊತ್ತು ಬಾಡಿಯ ಕೆಳಗೆ ಬೋಲ್ಟ್‌ನಲ್ಲಿ ಕೂರುವ ಕಬ್ಬಿಣದ ಚೌಕಟ್ಟಿನಲ್ಲಿ.

ಸಮುದ್ರ ಇಲ್ಲಿಂದ ಕೂಗಳತೆಯ ದೂರ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯ ತಳ ಒಣಗುವುದೇ ಇಲ್ಲ. ಈಗ ಬ್ರೇಕ್ ಒತ್ತಿದರೆ ಹಿಂದಿನಿಂದ ಟಕ್ ಅನ್ನುವ ಸದ್ದು. ತಿರುವಿನಲ್ಲಿ ಹಿಂಭಾಗ ತನ್ನಷ್ಟಕ್ಕೆ ಸ್ವಲ್ಪ ಪಕ್ಕಕ್ಕೆ ಜರುಗಿದ ಹಾಗೆ ಅನ್ನಿಸುತ್ತದೆ. ಎಡಗಡೆ ಹಿಂದಿನ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ.

ಸಬ್‌ಫ್ರೇಮ್ ಇಳಿಸಲು ಶುರು ಮಾಡಿದ್ದೇನೆ. ಬೂಟಿನ (ಡಿಕ್ಕಿಯ) ಕೆಳಗಿನ ಬೋಲ್ಟ್‌ಗಳು ಬಂದವು. ಮುಂದಿನ ಬಲಗಡೆ, ಹಿಂದಿನ ಸೀಟಿನ ಕೆಳಗಿನ ಗೋಡೆಗೆ ಕೂತಿರುವ ಬ್ಲಾಕಿನ ಬೋಲ್ಟ್ ಅಲ್ಲಾಡುತ್ತಿಲ್ಲ. 13ರ ಸಾಕೆಟ್ ಹಾಕಿದರೆ ಜಾರುತ್ತಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ತಿರುಗಿಸುವ ಕ್ವಾಡ್ರಂಟ್ ಎರಡೂ ಕಡೆ ಹಿಡಿದುಕೊಂಡಿವೆ. ಮುಂದಿನ ಅಡ್ಡಪಟ್ಟಿಯ ಕೆಳಗೆ ಸ್ಕ್ರೂಡ್ರೈವರ್ ಒತ್ತಿದರೆ ಒಂದು ಜಾಗದಲ್ಲಿ ಒಳಗೇ ಹೋಯಿತು.

ಇಲ್ಲಿ ಬಾರ್ಜ್ ರಿಪೇರಿ ಯಾರ್ಡ್‌ಗಳಿವೆ, ಬ್ಲಾಸ್ಟಿಂಗ್ (ಗ್ರಿಟ್ ಅನ್ನುವ ಒರಟು ಪುಡಿ ರಭಸದಿಂದ ಹೊಡೆದು ತುಕ್ಕು ತೆಗೆಯುವುದು) ಮಾಡಿಸುವುದು ಸುಲಭ. ಬ್ಲಾಸ್ಟ್ ಮಾಡಿಸಿ, ಕಪ್ಪು ಪೌಡರ್ ಕೋಟಿಂಗ್ ಹೊಡೆಸಿ, ತಿರುಗಿ ಕೂರಿಸೋಣ ಅಂತ ಯೋಚನೆ. ಸರಿ ಹೋಗುತ್ತದಾ? ದಯವಿಟ್ಟು ತಿಳಿದವರು ಹೇಳಿ.

ಭೋಸರಿ_ಲೇತ್:

ನಮಸ್ಕಾರ ಸರ್. ನಾನು ಪುಣೆಯ ಭೋಸರಿಯಲ್ಲಿ ಲೇತ್ ಮತ್ತು ವೆಲ್ಡಿಂಗ್ ಕೆಲಸ ಮಾಡುವವನು. ಹಳೆಯ ಇಂಗ್ಲಿಷ್ ಗಾಡಿಗಳ ತಳ ಬಹಳ ನೋಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಣ್ಣದ ವಿಚಾರ ಕೊನೆಗೆ. ಈ ಸಬ್‌ಫ್ರೇಮ್ ಕೊಳೆಯುವುದು ಒಳಗಿನಿಂದ. ಚಕ್ರ ಎರಚುವ ಕೆಸರು ಪಕ್ಕದ ಪಟ್ಟಿಗಳ ಮಡಿಕೆಯೊಳಗೆ ಸೇರಿ ಗಟ್ಟಿಯಾಗುತ್ತದೆ. ನೀರು ಹೋಗುವ ತೂತು ಮುಚ್ಚಿಕೊಳ್ಳುತ್ತದೆ. ನಿಮ್ಮ ಕಡೆ ಅದರಲ್ಲಿ ಉಪ್ಪೂ ಇರುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಬೇಸಿಗೆಯಲ್ಲೂ ಒಳಗೆ ಒದ್ದೆ. ಹೊರಗೆ ಎಷ್ಟೇ ಚಂದದ ಬಣ್ಣ ಹೊಡೆದರೂ ಒಳಗಿನ ಕೆಲಸ ನಿಲ್ಲುವುದಿಲ್ಲ.

ಮೊದಲು ಬೋಲ್ಟ್. ನಿಮ್ಮ ಗಾಡಿ ಇಂಚಿನ ಅಳತೆಯದು. ಆ ಬೋಲ್ಟ್ ತಲೆ ಅರ್ಧ ಇಂಚು, ಅಂದರೆ 12.7 ಮಿ.ಮೀ. 13ರ ಸಾಕೆಟ್ ಹೊಸ ತಲೆಯ ಮೇಲೆ ಹೇಗೋ ಹಿಡಿಯುತ್ತದೆ, ತುಕ್ಕು ತಿಂದ ತಲೆಯನ್ನು ಉರುಟು ಮಾಡಿಬಿಡುತ್ತದೆ. ಆರು ಮೂಲೆಯ ಅರ್ಧ ಇಂಚಿನ ಸಾಕೆಟ್ ತನ್ನಿ, ಹನ್ನೆರಡು ಮೂಲೆಯದು ಬೇಡ. ಹಾಗೂ ಬರದಿದ್ದರೆ ಆ ಬೋಲ್ಟ್ ಬಿಟ್ಟುಬಿಡಿ. ಬ್ಲಾಕಿನ ರಬ್ಬರ್ ಬುಷ್‌ನೊಳಗೆ ಉದ್ದದ ಒಂದು ಬೋಲ್ಟ್ ಅಡ್ಡ ಹೋಗಿರುತ್ತದೆ, ಅದನ್ನು ಬಿಚ್ಚಿ ಅಥವಾ ಕತ್ತರಿಸಿ. ಬ್ಲಾಕ್ ಬಾಡಿಯಲ್ಲೇ ಉಳಿಯುತ್ತದೆ, ಸಬ್‌ಫ್ರೇಮ್ ಕೆಳಗೆ ಬರುತ್ತದೆ. ಆಮೇಲೆ ಜಾಗ ಸಿಗುತ್ತದೆ, ನಿಧಾನವಾಗಿ ಬಿಡಿಸಬಹುದು. ಗ್ಯಾಸ್ ಹಚ್ಚಿ ಬಿಸಿ ಮಾಡುವುದಾದರೆ ಮೊದಲು ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಹೊರಗೆ ತೆಗೆಯಬೇಕು. ಎರಡೂ ಬೂಟಿನಲ್ಲೇ ಇವೆ. ಸೀಟು, ಮ್ಯಾಟ್ ಕೂಡ ತೆಗೆಯಿರಿ. ಇದರಲ್ಲಿ ರಾಜಿ ಬೇಡ.

ಹಿಂದಿನ ರಬ್ಬರ್ ಕೋನ್ ತೆಗೆಯಲು ಮುಂಭಾಗದ ಹಾಗೆ ಬೇರೆ ಟೂಲ್ ಬೇಕಿಲ್ಲ. ಗಾಡಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೆಳತುದಿ ಬಿಚ್ಚಿದರೆ ಚಕ್ರ ಹೊತ್ತಿರುವ ರೇಡಿಯಸ್ ತೋಳು ಕೆಳಗಿಳಿಯುತ್ತದೆ, ಕೋನ್ ಒತ್ತುವ ಸ್ಟ್ರಟ್ ಕೈಗೆ ಬರುತ್ತದೆ. ಹೈಡ್ರೋಲಾಸ್ಟಿಕ್ ಗಾಡಿ ಇರುವವರು ಇದನ್ನು ಓದುತ್ತಿದ್ದರೆ, ನೀವು ಮೊದಲು ಒಳಗಿನ ಒತ್ತಡ ಇಳಿಸಬೇಕು. ಅವುಗಳ ಕ್ರಮ ಬೇರೆ.

ಚಕ್ರ ಒಳಕ್ಕೆ ವಾಲಿರುವುದು ಸಬ್‌ಫ್ರೇಮಿನ ದೋಷ ಆಗಿರಲಾರದು. ರೇಡಿಯಸ್ ತೋಳಿನ ಪಿನ್ ಸವೆದಾಗ ಹೀಗೇ ಆಗುತ್ತದೆ. ಆ ಪಿನ್‌ಗೆ ಹೊರತುದಿಯಲ್ಲಿ ನೀಡಲ್ ಬೇರಿಂಗ್, ಒಳತುದಿಯಲ್ಲಿ ಕಂಚಿನ ಬುಷ್. ಗ್ರೀಸ್ ಸಿಗದೆ ಒಣಗಿದರೆ ಎರಡೂ ತಿಂದುಹೋಗುತ್ತವೆ. ಪಿನ್ ಮೇಲೆ ಉಗುರು ಆಡಿಸಿ. ಗೆರೆ ತಾಗಿದರೆ ಪಿನ್, ಬೇರಿಂಗ್, ಬುಷ್ ಮೂರೂ ಹೊಸದು ಹಾಕಿ. ಬುಷ್ ಒತ್ತಿ ಕೂರಿಸಿದ ಮೇಲೆ, ಬೇರಿಂಗ್ ಇರುವ ತುದಿಯಿಂದ ಗೈಡ್ ಕೊಟ್ಟು ನೇರಕ್ಕೆ ರೀಮರ್ (ತೂತನ್ನು ಅಳತೆಗೆ ಸವರುವ ಉಪಕರಣ) ಹೊಡೆಯಬೇಕು. ಕೈ ಅಂದಾಜಿನಲ್ಲಿ ಮಾಡಿದರೆ ಪಿನ್ ಓರೆಯಾಗುತ್ತದೆ. ಕ್ವಾಡ್ರಂಟ್ ಕೂಡ ಆ ತೋಳಿನ ಮೇಲೆಯೇ ಇರುವುದರಿಂದ ತೋಳನ್ನು ಬೆಂಚಿಗೆ ತಂದು ಬಿಸಿ ಮಾಡಿ ಬಿಡಿಸಿ. ಗಾಡಿಯ ಕೆಳಗೆ ಮಲಗಿ ಗುದ್ದಾಡುವುದು ಸುಮ್ನೆ ತೊಂದರೆ.

ಈಗ ತೂತಿನ ವಿಷಯ. ಒಂದು ತೂತು ಕಂಡಿದೆ ಅಂದರೆ ಸುತ್ತಲಿನ ತಗಡೂ ತೆಳುವಾಗಿದೆ. ಫ್ರೇಮ್ ಕೆಳಗಿಳಿಸಿ, ಒಳಗಿನ ಮಣ್ಣೆಲ್ಲ ಕೆರೆದು ತೊಳೆದು, ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲ ತಟ್ಟಿ. ಗಟ್ಟಿ ಜಾಗ ಠಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ಕಳಿಸಿ. ಗುರುತು ಅಡ್ಡಪಟ್ಟಿಯ ಚಪ್ಪಟೆ ಭಾಗದಲ್ಲಿದ್ದರೆ ಉಳಿಸೋಣ. ತೋಳಿನ ಪಿನ್ ಹಿಡಿಯುವ ಜಾಗ, ಕೋನ್ ಕೂರುವ ಸೀಟು, ಬಾಡಿಗೆ ಕೂರುವ ಮೂಲೆಗಳು, ಈ ಮೂರರಲ್ಲಿ ಒಂದು ಹೋಗಿದ್ದರೂ ಹೊಸ ಸಬ್‌ಫ್ರೇಮ್ ತರಿಸಿ. ಅಲ್ಲಿ ತೇಪೆ ಹಾಕಿ ಮನೆಯವರನ್ನು ಕೂರಿಸಿಕೊಂಡು ಓಡಿಸಬಾರದು.

ಕುರ್ಲಾ_ಕರಾವಳಿ:

ಭೋಸರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮುಂಬಯಿಯಿಂದ, ಸಾಮಾನಿನ ವಿಷಯ ಮಾತ್ರ ಹೇಳುತ್ತೇನೆ.

ಕುರ್ಲಾದ ಸಿ.ಎಸ್.ಟಿ. ರೋಡಿನ ಗಾಡಿ ಬಿಡಿಭಾಗಗಳ ಅಂಗಡಿಗಳಲ್ಲಿ ಹಳೆಯ ಸಬ್‌ಫ್ರೇಮ್ ಹುಡುಕಿಕೊಂಡು ಅಲೆಯಬೇಡಿ ಮಾರಾಯ್ರೇ. ಈ ಹಳೆಯ ಮಿನಿ ನಮ್ಮ ದೇಶದಲ್ಲಿ ತಯಾರಾದ ಗಾಡಿ ಅಲ್ಲ. ಸಿಕ್ಕರೂ ಅದಕ್ಕೂ ಇದೇ ರೋಗ ಇರುತ್ತದೆ. ಹೊಸದು ಇಂಗ್ಲೆಂಡಿನಿಂದಲೇ ಬರಬೇಕು. 1959ರಿಂದ 2000ದವರೆಗೆ 53 ಲಕ್ಷಕ್ಕೂ ಹೆಚ್ಚು ಮಿನಿ ತಯಾರಾಗಿವೆ, ಹಾಗಾಗಿ ಅಲ್ಲಿ ಬಿಡಿಭಾಗಗಳ ವ್ಯಾಪಾರ ಇನ್ನೂ ಜೋರಾಗಿದೆ. ಭಾರ ಜಾಸ್ತಿ, ಸಾಗಾಟದ ಖರ್ಚು ಮತ್ತು ಕಸ್ಟಮ್ಸ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ತರಿಸುವುದಾದರೆ ಪಿನ್ ಕಿಟ್, ಮೌಂಟಿಂಗ್ ರಬ್ಬರ್, ಕ್ವಾಡ್ರಂಟ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರಲಿ.

ಬೋಲ್ಟ್ ಮಾತ್ರ ಇಲ್ಲೇ ಸಿಗುತ್ತದೆ. ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ 5/16 ಯು.ಎನ್.ಎಫ್. (ಇಂಚಿನ ಅಳತೆಯ ಸಣ್ಣ ಎಳೆ) ಅಂತ ಕೇಳಿ. ಅಂಗಡಿಯವರು 8 ಎಂ.ಎಂ. ಕೊಟ್ಟು 'ಕೂರುತ್ತೆ' ಅಂದರೆ ತೆಗೆದುಕೊಳ್ಳಬೇಡಿ. ದಪ್ಪ ಹೆಚ್ಚುಕಮ್ಮಿ ಒಂದೇ, ಆದರೆ ಇಂಚಿನದರಲ್ಲಿ ಇಂಚಿಗೆ 24 ಎಳೆ, 8 ಎಂ.ಎಂ.ನಲ್ಲಿ ಸುಮಾರು 20. ಒಂದೆರಡು ಸುತ್ತು ಹೋಗಿ ಕಚ್ಚಿಕೊಂಡು ಬಾಡಿಯೊಳಗಿನ ನಟ್ ಹಾಳಾಗುತ್ತದೆ. ತಲೆಯ ಮೇಲೆ ಮೂರು ಗೆರೆ ಇರುವ ಬೋಲ್ಟ್ ಆರಿಸಿ, ಅದು ಬಲದ ದರ್ಜೆಯ ಗುರುತು. ಸ್ಟೀಲ್ ಹೊಳೆಯುತ್ತದೆ ಅಂತ ಸ್ಟೇನ್‌ಲೆಸ್ ಹಾಕುವವರಿದ್ದಾರೆ, ಇಲ್ಲಿ ಅದು ಬೇಡ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸ್ಟೇನ್‌ಲೆಸ್‌ಗೆ ಅಷ್ಟು ಬಲ ಇಲ್ಲ. ಉಪ್ಪುನೀರು ಬಿದ್ದರೆ ಪಕ್ಕದ ಮಾಮೂಲಿ ಕಬ್ಬಿಣವನ್ನು ಅದು ಬೇಗ ತಿನ್ನಿಸುತ್ತದೆ.

ವಾಸ್ಕೋವಾಸಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅರ್ಧ ಇಂಚಿನ ಸಾಕೆಟ್‌ಗೂ ಬೋಲ್ಟ್ ಮಣಿಯಲಿಲ್ಲ. ಉದ್ದದ ಬೋಲ್ಟ್ ಕತ್ತರಿಸಿ ಸಬ್‌ಫ್ರೇಮ್ ಇಳಿಸಿದೆ. ಒಳಗಿನಿಂದ ಬಂದ ಮಣ್ಣು ಒಂದು ಬುಟ್ಟಿಯಾಯಿತು! ತಟ್ಟಿ ನೋಡಿದ್ದೇನೆ. ಮುಂದಿನ ಅಡ್ಡಪಟ್ಟಿಯ ತಳದಲ್ಲಿ ಅಂಗೈ ಅಗಲ, ಎಡಪಟ್ಟಿಯ ಕೆಳ ಅಂಚಿನಲ್ಲಿ ಬೆರಳುದ್ದ ಕೊಳೆತಿದೆ. ಪಿನ್ ಜಾಗ, ಸೀಟು, ಮೂಲೆಗಳು ಠಣ್ ಅನ್ನುತ್ತಿವೆ. ಎಡ ಪಿನ್ ಪೂರ್ತಿ ಸವೆದಿದೆ, ನೀವು ಹೇಳಿದ ಹಾಗೇ. ಈಗ ವೆಲ್ಡಿಂಗ್ ಹೇಗೆ? ಪೌಡರ್ ಕೋಟಿಂಗ್ ಬಗ್ಗೆ ನೀವು ಹೇಳಲೇ ಇಲ್ಲ.

ಭೋಸರಿ_ಲೇತ್:

ಫೋಟೋ ನೋಡಿದೆ. ಇದು ಉಳಿಯುತ್ತದೆ, ಧೈರ್ಯವಾಗಿ ಮಾಡಿ.

ಕತ್ತರಿಸುವ ಮುಂಚೆ ಫ್ರೇಮನ್ನು ದಪ್ಪ ಚಾನೆಲ್ ಮೇಲೆ ನಾಲ್ಕೂ ಮೂಲೆಗೆ ಬೋಲ್ಟ್ ಹಾಕಿ ಬಿಗಿಯಿರಿ. ಎಡ ಬಲ ಪಿನ್ ತೂತುಗಳ ನಡುವಿನ ಅಳತೆ, ಮೂಲೆಯಿಂದ ಮೂಲೆಗೆ ಅಡ್ಡ ಅಳತೆ, ಎಲ್ಲ ಬರೆದಿಡಿ. ಬಿಡುಬೀಸಾಗಿ ವೆಲ್ಡ್ ಮಾಡಿದರೆ ಫ್ರೇಮ್ ಎಳೆದುಕೊಳ್ಳುತ್ತದೆ, ಆಮೇಲೆ ಹಿಂದಿನ ಚಕ್ರಗಳು ಒಂದೊಂದು ದಿಕ್ಕು ನೋಡುತ್ತವೆ. ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ. ಒಳ್ಳೆಯ ಜಾಗದಲ್ಲಿ ದಪ್ಪ ಅಳೆದು ಅದೇ ದಪ್ಪದ ಮಾಮೂಲಿ ತಗಡು ಹಾಕಿ, ಜಿ.ಐ. (ಸತುವಿನ ಲೇಪ ಇರುವ) ತಗಡು ಬೇಡ, ಅದರ ಹೊಗೆ ಎದೆಗೆ ಕೆಟ್ಟದ್ದು. ಹಳೆಯದರ ಮೇಲೆ ಹೊದಿಸಬೇಡಿ, ಅಂಚಿಗೆ ಅಂಚು ಕೂರಿಸಿ. ಎರಡು ಪದರ ಆದರೆ ನಡುವೆ ನೀರು ನಿಲ್ಲುತ್ತದೆ. ಸಿ.ಓ.ಟು ವೆಲ್ಡಿಂಗ್, ಅಂಗುಲಕ್ಕಿಂತ ಜಾಸ್ತಿ ಒಂದೇ ಸಲ ಎಳೆಯದೆ, ಜಾಗ ಬದಲಿಸುತ್ತಾ ಹೋಗಿ. ನೀರಿನ ತೂತು ಮತ್ತೆ ಕೊರೆಯುವುದನ್ನು ಮರೆಯಬೇಡಿ.

ಬಾರ್ಜ್ ಯಾರ್ಡಿನವರು ದಪ್ಪ ಪ್ಲೇಟಿಗೆ ಹೊಡೆಯುವ ಒತ್ತಡದಲ್ಲೇ ಈ ತಗಡಿಗೂ ಹೊಡೆದಾರು. ಸಣ್ಣ ಗ್ರಿಟ್, ಕಡಿಮೆ ಒತ್ತಡ ಅಂತ ಮೊದಲೇ ಹೇಳಿ. ಬ್ಲಾಸ್ಟ್ ಆದ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಂದು ರಾತ್ರಿ ಬಿಡಿ. ತೊಳೆದ ಕಬ್ಬಿಣಕ್ಕೆ ಎಲ್ಲ ಕಡೆ ತೆಳು ತುಕ್ಕು ಬರುವುದು ಸಹಜ. ಗುಳಿಗಳಲ್ಲಿ ಮಾತ್ರ ಕಪ್ಪಗೆ ಒದ್ದೆ ಚುಕ್ಕೆ ಕಂಡರೆ ಉಪ್ಪು ಉಳಿದಿದೆ ಅಂತ ಅರ್ಥ. ಮತ್ತೆ ತೊಳೆದು, ಮತ್ತೆ ಬ್ಲಾಸ್ಟ್ ಮಾಡಿಸಿ, ಅವತ್ತೇ ಪ್ರೈಮರ್ ಹೊಡೆಯಿರಿ. ಗಾಳಿಯ ತೇವ ಶೇಕಡಾ 85 ದಾಟಿದ ದಿನ ಬಣ್ಣ ಹೊಡೆಯಬಾರದು, ಅಂದರೆ ನಿಮ್ಮಲ್ಲಿ ಮಳೆಗಾಲದಲ್ಲಿ ಈ ಕೆಲಸವೇ ಬೇಡ. ಡಿಸೆಂಬರ್, ಜನವರಿ ಒಳ್ಳೆಯದು.

ಪೌಡರ್ ಕೋಟಿಂಗ್ ನಾನಾದರೆ ಮಾಡಿಸುವುದಿಲ್ಲ. ಕರೆಂಟಿನ ಸೆಳೆತದಿಂದ ಅಂಟುವ ಪುಡಿ ಅದು, ಆಳವಾದ ಮೂಲೆಗಳಿಗೆ, ಮಡಿಕೆಗಳ ಒಳಗೆ ಸರಿಯಾಗಿ ಹೋಗುವುದಿಲ್ಲ. ಒಂದು ಕಲ್ಲು ಬಡಿದು ಬಿರುಕು ಬಿಟ್ಟರೆ ನೀರು ಅದರಡಿಯಲ್ಲಿ ಹರಡುತ್ತದೆ. ಮೇಲಿನಿಂದ ಹೊಳೆಯುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ನಿಮ್ಮ ಪಕ್ಕದಲ್ಲೇ ಹಡಗಿನ ಬಣ್ಣ ಸಿಗುತ್ತದೆ ಅಲ್ವಾ, ಅದಕ್ಕಿಂತ ಒಳ್ಳೆಯದು ಏನಿದೆ? ಜಿಂಕ್ ರಿಚ್ (ಸತು ಹೆಚ್ಚಿರುವ) ಎಪಾಕ್ಸಿ ಪ್ರೈಮರ್, ಅದರ ಮೇಲೆ ಎಪಾಕ್ಸಿ ಎರಡು ಕೋಟ್. ಜಿಂಕ್ ಕೆಲಸ ಮಾಡಬೇಕಾದರೆ ಅದು ಬರೀ ಕಬ್ಬಿಣಕ್ಕೆ ತಾಗಬೇಕು, ಹಾಗಾಗಿ ನಡುವೆ ರಸ್ಟ್ ಕನ್ವರ್ಟರ್ (ತುಕ್ಕಿನ ಮೇಲೆ ಬಳಿದು ಅದನ್ನು ಗಟ್ಟಿ ಪದರ ಮಾಡುವ ದ್ರವ) ಬೇಡ. ಎಪಾಕ್ಸಿ ಬಿಸಿಲಿಗೆ ಸುಣ್ಣದ ಹಾಗೆ ಮಾಸುತ್ತದೆ, ಆದರೆ ಗಾಡಿಯ ತಳಕ್ಕೆ ಬಿಸಿಲೆಲ್ಲಿ? ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಉದ್ದ ನಳಿಗೆಯಿಂದ ಪಟ್ಟಿಗಳ ಒಳಗೆಲ್ಲ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಜಾಗಗಳಿಗೆ ಹೊಡೆಯುವ ಮೇಣ) ಸಿಂಪಡಿಸಿ. ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಡಾಂಬರಿನಂಥ ಅಂಡರ್‌ಕೋಟ್ ಬಳಿಯಲು ಬಿಡಬೇಡಿ, ಒಣಗಿ ಬಿರುಕಾದರೆ ಅದೇ ನೀರು ಹಿಡಿದಿಡುತ್ತದೆ.

ವಾಸ್ಕೋವಾಸಿ:

ಬ್ರೇಕ್ ಪೈಪ್ ಹಳೆಯದೇ ಹಾಕಬಹುದಾ? ಕೂರಿಸುವಾಗ ಬೇರೆ ಏನಾದರೂ ನೋಡಬೇಕಾ?

ಭೋಸರಿ_ಲೇತ್:

ಪೈಪ್, ಹೋಸ್ ಎಲ್ಲ ಹೊಸದು. ಪೈಪ್ 3/16 ಇಂಚಿನ ಕುಪ್ರೋ ನಿಕಲ್ ಹಾಕಿದರೆ ಸಮುದ್ರದ ಗಾಳಿಗೂ ತುಕ್ಕು ಹಿಡಿಯದು. ಬ್ರೇಕಿನ ಒತ್ತಡ ಹಂಚುವ ವಾಲ್ವ್ ನಿಮ್ಮದರಲ್ಲಿ ಸಬ್‌ಫ್ರೇಮ್ ಮೇಲೆ ಇದ್ದರೆ ಅದನ್ನು ಈಗಲೇ ಬದಲಿಸಿ, ಗಾಡಿಗೆ ಕೂತ ಮೇಲೆ ಕೈ ಸುಲಭಕ್ಕೆ ಸಿಗುವುದಿಲ್ಲ. ಮುಂದಿನ ಬ್ಲಾಕುಗಳ ಉದ್ದ ಬೋಲ್ಟ್ ಗಾಡಿ ಚಕ್ರದ ಮೇಲೆ ನಿಂತ ನಂತರವೇ ಕೊನೆಯ ಬಿಗಿ ಕೊಡಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಸ್ವಲ್ಪ ಓಡಿಸಿ ಕೂತ ಮೇಲೆ ಹಿಂದಿನ ಚಕ್ರಗಳ ಟೋ ಇನ್ (ಚಕ್ರಗಳ ಮುಂಭಾಗ ಒಳಮುಖವಾಗಿರುವ ಅಳತೆ) ನೋಡಿಸಿ, 3 ಮಿ.ಮೀ. ಆಸುಪಾಸು ಇರಬೇಕು. ತೋಳು ಜೋಡಿಸುವಾಗ ಒಳಗಿನ ಗ್ರೀಸ್ ಟ್ಯೂಬ್ ಇದೆಯಾ ನೋಡಿ. ಅದಿಲ್ಲದಿದ್ದರೆ ಗ್ರೀಸ್ ತೋಳಿನ ಪೊಳ್ಳಿನಲ್ಲೇ ನಿಲ್ಲುತ್ತದೆ, ಬುಷ್‌ಗೆ ಮುಟ್ಟುವುದಿಲ್ಲ. ನಿಪ್ಪಲ್‌ಗೆ ಗ್ರೀಸ್ ಗನ್ ಹಚ್ಚಿ, ಒಳತುದಿಯಿಂದ ಗ್ರೀಸ್ ಹೊರಬರುವ ತನಕ ಒತ್ತಿ.